ಕೌದಿಯ ಹೊಟ್ಟೆ

"ಗುರುಗಳೇ, ಇಷ್ಟು ತಲೆಮಾರುಗಳ ಜನ ನಂಬಿಕೊಂಡು ಬಂದದ್ದು ಸುಳ್ಳಾಗಿರಲು ಸಾಧ್ಯವೇ? ಸುಳ್ಳಾಗಿದ್ದರೆ ಯಾರಾದರೊಬ್ಬರು ಹೇಳುತ್ತಿರಲಿಲ್ಲವೇ?" ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಅವನ ತೋಳಿಗೆ ಒಂದು ಬಟ್ಟೆಯ ಚೂರು ಕಟ್ಟಿತ್ತು. ಎಣ್ಣೆ, ಬೆವರು ಹೀರಿ ಅದು ಕಪ್ಪಾಗಿತ್ತು. ಒಬ್ಬ ಹಿರಿಯ ಸ್ವಾಮಿಗಳು ಉಟ್ಟ ವಸ್ತ್ರದ ತುಂಡು ಅದೆಂದೂ, ಕೂಸಾಗಿದ್ದಾಗ ತನ್ನನ್ನು ಜ್ವರದಿಂದ ಉಳಿಸಿದ್ದು ಅದೇ ಎಂದೂ ತಾಯಿಯ ಬಾಯಿಂದ ಕೇಳಿ ಬೆಳೆದಿದ್ದ.

ಗುರುಗಳು ಆ ಚೂರನ್ನು ನೋಡಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನ ಮಠದಲ್ಲಿ ಒಂದು ಕೌದಿ ಇತ್ತು. ಆ ಊರಿನ ಹೆಂಗಸರು ಕೌದಿ ಹೊಲಿಯುವುದಕ್ಕೆ ಒಂದು ಕ್ರಮವಿತ್ತು. ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚಿ, ಒಗೆದು, ಬಿಸಿಲಿಗೆ ಒಣಗಿಸಿ, ಸುಕ್ಕಿಲ್ಲದಂತೆ ಒಂದರ ಮೇಲೊಂದು ಹಾಸುವರು. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುಸುತ್ತಾಗಿ ನಡುವಿಗೆ ಬರುವುದು. ನಡುವೆ ಕೊನೆಗೆ ಉಳಿಯುವ ಜಾಗಕ್ಕೆ ಹೊಟ್ಟೆ ಎಂದು ಹೆಸರು. ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಒಳಗಿಟ್ಟು ಅಲ್ಲಿ ತೇಪೆ ಹಾಕಿ ಮುಚ್ಚುವರು. ಹೊಟ್ಟೆ ಬರಿದಾಗಿರುವ ಕೌದಿಯನ್ನು ಹೊದೆಯಬಾರದು ಎಂಬುದು ಅವರ ನಡವಳಿಕೆ. ಹಳೆಯ ಕೌದಿಯನ್ನು ಬಿಚ್ಚುವ ಪದ್ಧತಿಯೂ ಇರಲಿಲ್ಲ. ಸವೆದರೆ ಅದರ ಮೇಲೆಯೇ ಹೊಸ ತೇಪೆಗಳನ್ನು ಹೊಲಿಯುವರು.

ಮಠದ ಕೌದಿಯ ಹೊಟ್ಟೆಯಲ್ಲಿ ಮಾತ್ರ ಹೋಳಿಗೆ ಇರಲಿಲ್ಲ. ಹಿಂದಿನ ಕಾಲದ ಹಿರಿಯ ಸ್ವಾಮಿಗಳ ಬಿಳಿಯ ಧೋತರ ಇತ್ತು. ವರ್ಷಕ್ಕೊಮ್ಮೆ ಕೌದಿಯನ್ನು ಅಂಗಳದಲ್ಲಿ ಹಾಸಿ, ಹೆಂಗಸರೆಲ್ಲ ಸುತ್ತ ಕುಳಿತು ತೇಪೆ ಹೊಲಿಯುತ್ತಿದ್ದರು. ನಡುವಿನ ತೇಪೆ ಅವರಲ್ಲಿ ಕೈ ಪಳಗಿದ ಒಬ್ಬಳಿಗೆ ಮೀಸಲು. ಉಳಿದವರು ಊಟಕ್ಕೆ ಎದ್ದ ಮೇಲೆ ಅವಳೊಬ್ಬಳೇ ಕುಳಿತು ಅದನ್ನು ಮುಗಿಸಬೇಕು.

ಒಂದು ವರ್ಷ ಆ ಕೆಲಸ ಒಬ್ಬ ಮುದುಕಿಯ ಪಾಲಿಗೆ ಬಂತು. ಹಿಂದೆ ಅವಳ ತಾಯಿಯೂ ಅದನ್ನು ಮಾಡಿದ್ದಳು. ಆಗ ಮುದುಕಿಯ ಮನೆಯಲ್ಲಿ ಮೊಮ್ಮಗ ಜ್ವರದಿಂದ ಮಲಗಿದ್ದ. ವೈದ್ಯ ಕಷಾಯ ಕೊಟ್ಟು, ನಡುವೆ ನಿಲ್ಲಿಸದೆ ಕುಡಿಸಬೇಕೆಂದು ಹೇಳಿದ್ದ. ಮುದುಕಿಯ ಮನಸ್ಸು ಕಷಾಯದ ಮೇಲೆ ಇರಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೂ ಇಂಥದೇ ಜ್ವರ ಬಂದಿತ್ತು. ತಾಯಿ ಕೌದಿಯ ಹೊಟ್ಟೆಯಿಂದ ಧೋತರದ ತುಂಡೊಂದನ್ನು ಕದ್ದು ತಂದು ಅವಳ ತೋಳಿಗೆ ಕಟ್ಟಿದ್ದಳು. ಅವಳು ಬದುಕಿದಳು. ಸಾಯುವ ಮುನ್ನ ತಾಯಿ ಇದನ್ನು ಅವಳಿಗೊಬ್ಬಳಿಗೆ ಹೇಳಿದ್ದಳು. ತಾನೂ ಹಾಗೆಯೇ ಒಂದು ತುಂಡು ತರುವೆನೆಂದು ಮುದುಕಿ ಅಂದು ಬೆಳಿಗ್ಗೆ ಸೊಸೆಗೆ ಹೇಳಿ ಬಂದಿದ್ದಳು.

"ಯಾಕ ಎವ್ವಾ, ನಿನ್ನ ಸೂಜಿಗೆ ನಿದ್ದಿ ಬಂತೇನು?" ಎಂದು ಊಟಕ್ಕೆ ಏಳುತ್ತಿದ್ದವರಲ್ಲಿ ಒಬ್ಬಳು ನಕ್ಕಳು.

"ನೀವು ಹೋಗಿ ನಿಮ್ಮ ಹೊಟ್ಟಿ ನೋಡ್ಕೊಳ್ರಿ. ಇದರ ಹೊಟ್ಟಿ ನಾ ನೋಡ್ತೀನಿ" ಎಂದಳು ಮುದುಕಿ.

ಅಂಗಳ ಖಾಲಿಯಾಯಿತು. ಅವಳು ಹಳೆಯ ತೇಪೆಯ ಹೊಲಿಗೆ ಕತ್ತರಿಸಿ ಒಳಗೆ ಕೈ ಹಾಕಿದಳು. ಧೋತರ ಇರಲಿಲ್ಲ.

ಇದ್ದದ್ದು ಚಿಂದಿ. ಯಾರದೋ ಕುಪ್ಪಸದ ತೋಳು, ಯಾರದೋ ಸೆರಗಿನ ತುದಿ. ಮೇಲಿನಿಂದ ಒತ್ತಿದವರಿಗೆ ಬರಿದೆನ್ನಿಸದಂತೆ, ಹಿಂದೆ ಇಲ್ಲಿ ಕುಳಿತ ಒಬ್ಬೊಬ್ಬಳೂ ತನ್ನ ಬಟ್ಟೆಯನ್ನು ಹರಿದು ತುಂಬಿದ್ದಳು. ಅವುಗಳ ನಡುವೆ ಒಂದು ನೀಲಿ ಅಂಚು ಸಿಕ್ಕಿತು. ಅದರ ಮೇಲೆ ಹಳೆಯ ಹೊಲಿಗೆಯ ಸಾಲೊಂದು ಉಳಿದಿತ್ತು. ಹೊಲಿಯುವವಳಿಗೆ ಇನ್ನೊಬ್ಬಳ ಕೈ ಗುರುತು ಸಿಗುತ್ತದೆ. ಅದು ಅವಳ ತಾಯಿಯ ಕೈ.

ಮುದುಕಿಗೆ ತಿಳಿಯಿತು. ಎಂದೋ ಒಬ್ಬಳು ಕೊನೆಯ ತುಂಡನ್ನು ಒಯ್ದಿದ್ದಳು. ಆಮೇಲೆ ಬಂದವರೆಲ್ಲ ಬರಿದಾದ ಹೊಟ್ಟೆಯನ್ನೇ ಕಂಡಿದ್ದರು. ಅದು ಬರಿದಾಗಿದೆ ಎನ್ನಲು, ತಾನು ಬಿಚ್ಚಿದೆ ಎಂದೂ ಒಪ್ಪಿಕೊಳ್ಳಬೇಕಿತ್ತು. ಹಾಗಾದರೆ ತನ್ನ ತೋಳಿಗೆ ತಾಯಿ ಕಟ್ಟಿದ್ದು ಏನು?

ಊಟ ಮುಗಿಸಿದವರ ಮಾತು ಕೇಳಿಸಿತು. ಅವಳು ತನ್ನ ಸೆರಗಿನ ತುದಿಯನ್ನು ಹರಿದು ಒಳಗೆ ತುರುಕಿ, ತೇಪೆ ಹಾಕಿ ಮುಚ್ಚಿದಳು.

ಮನೆಗೆ ಬಂದವಳು ಮೊದಲು ಮನೆಯ ಹಳೆಯ ಬಟ್ಟೆಗಳ ಗಂಟು ಬಿಚ್ಚಿದಳು. ತೀರಿಹೋದ ಗಂಡನ ಧೋತರದಿಂದ ಒಂದು ಚೂರು ಹರಿದು ಮುಷ್ಟಿಯಲ್ಲಿ ಹಿಡಿದಳು. ತಾಯಿಯ ಸುಳ್ಳಿನಿಂದ ತಾನು ಬದುಕಿದ್ದರೆ, ತನ್ನ ಸುಳ್ಳಿನಿಂದ ಮೊಮ್ಮಗನೂ ಬದುಕಬಹುದು ಎಂದುಕೊಂಡಳು.

"ಅತ್ತಿ, ಸಿಕ್ತೇನ್ರಿ?" ಎಂದು ಸೊಸೆ ಕೇಳಿದಳು.

"ಸಿಕ್ತು. ಯಾರ ಮುಂದೂ ಅನ್ನಬ್ಯಾಡ."

ಸೊಸೆ ಅದನ್ನು ಕಣ್ಣಿಗೆ ಒತ್ತಿಕೊಂಡು ಮಗುವಿನ ತೋಳಿಗೆ ಕಟ್ಟಿದಳು. ಇನ್ನು ಇದೇಕೆ ಎಂದು ಕಷಾಯದ ಗಡಿಗೆಯನ್ನು ಒಲೆಯಿಂದ ಇಳಿಸಿ ಮೂಲೆಗಿಟ್ಟಳು. ಮುದುಕಿ ಅದನ್ನು ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಮರುದಿನ ಬೆಳಿಗ್ಗೆ ಮಗುವಿನ ಮೈ ತಣ್ಣಗಾಗಿತ್ತು. ಸೊಸೆ ಮೊದಲು ಅದನ್ನು ಜ್ವರ ಇಳಿದದ್ದೆಂದೇ ತಿಳಿದು, ಮಠದ ದಿಕ್ಕಿಗೆ ಕೈ ಮುಗಿದಳು.

ಶವವನ್ನು ಎತ್ತುವ ಮೊದಲು ನೆರೆಮನೆಯವಳು ಬಂದಳು. ಅವಳ ಮನೆಯಲ್ಲೂ ಕೂಸಿಗೆ ಅದೇ ಜ್ವರ. ಅಳುವಿನ ನಡುವೆ ಸೊಸೆ ತೋಳಿನ ಚೂರಿನ ವಿಷಯ ಅವಳಿಗೆ ಹೇಳಿಬಿಟ್ಟಿದ್ದಳು.

"ಈ ಕೂಸಿನ ಆಯುಷ್ಯ ಇಷ್ಟ ಇತ್ತು, ಅದಕ್ಕ ಮಠದ ಅಜ್ಜಾರು ಏನ್ ಮಾಡ್ಯಾರು? ನಂದರ ಉಳೀಲಿ. ಅದನ್ನ ಕೊಡ ಎವ್ವಾ" ಎಂದು ಅವಳು ಮುದುಕಿಯ ಕಾಲು ಹಿಡಿದಳು.

ಕೊಡುವುದಿಲ್ಲ ಎನ್ನಲು ಕಾರಣ ಹೇಳಬೇಕಿತ್ತು. ಸೊಸೆ ಎದುರಿಗೇ ಇದ್ದಳು. ಮುದುಕಿ ಸತ್ತ ಮಗುವಿನ ತೋಳಿನಿಂದ ಚೂರನ್ನು ಬಿಚ್ಚಿ ಕೊಟ್ಟಳು. ನೆರೆಮನೆಯವಳು ಹೊಸ್ತಿಲು ದಾಟುವಾಗ ಅವಳನ್ನು ಕರೆದು ನಿಲ್ಲಿಸಿ, ಮೂಲೆಯಲ್ಲಿದ್ದ ಗಡಿಗೆಯನ್ನು ಅವಳ ಕೈಗಿತ್ತಳು.

"ಇದನ್ನೂ ಒಯ್ಯಿ. ಈ ಕಷಾಯ ಬಿಡದ ಕುಡಿಸಲಿಲ್ಲ ಅಂದ್ರ ಆ ಚೂರು ಫಲಾ ಕೊಡಂಗಿಲ್ಲ" ಎಂದಳು.

ಸೊಸೆ ತಲೆಯೆತ್ತಿ ಅತ್ತೆಯ ಮುಖವನ್ನು ನೋಡಿದಳು. ಆ ದಿನದ ನಂತರ ಅವರಿಬ್ಬರ ನಡುವೆ ಮಾತು ಇರಲಿಲ್ಲ. ಕೊನೆಗಾಲದಲ್ಲಿ ಮುದುಕಿ ನನ್ನ ಬಳಿ ಬಂದು ಇದನ್ನೆಲ್ಲ ಹೇಳಿ ಹೋದಳು. ಅಷ್ಟರಲ್ಲಿ ಮಠದ ಕೌದಿಯ ಮೇಲೆ ಇನ್ನೆಷ್ಟೋ ತೇಪೆಗಳು ಬಿದ್ದಿದ್ದವು.

ಗುರುಗಳು ಮಾತು ನಿಲ್ಲಿಸಿದರು. ಚನ್ನಮಲ್ಲ, "ನೆರೆಮನೆಯ ಕೂಸು ಬದುಕಿತೇ?" ಎಂದು ಕೇಳಿದ.

"ಬದುಕಿತು, ಕಷಾಯ ಕುಡಿಸಿ ಮುಗಿದ ಮೇಲೆ ಆ ತಾಯಿ ಗಡಿಗೆಯನ್ನು ತೊಳೆದು ಹಿಂದಿರುಗಿಸಿದಳು, ಚೂರು ಮಾತ್ರ ಇನ್ನೂ ನಿನ್ನ ತೋಳಿನಲ್ಲಿದೆ."