ನಕ್ಷತ್ರದ ಬಾಲದ ಮೇಲೆ ಕೂತ ಕೋಳಿ

ಹತ್ತಿರ ಬನ್ನಿ. ಇನ್ನೂ ಹತ್ತಿರ. ಹಾಂ, ಅಷ್ಟು ಸಾಕು. ಇದು ಒಂದು ಬಾಲದ ಕಥೆ.

ಕೆರೆಯ ಪಕ್ಕದಲ್ಲಿ ಒಂದು ಊರು. ಊರ ನಡುವೆ ಒಂದು ಚರ್ಚು. ಚರ್ಚಿನ ಹಿಂದೆ ಒಂದು ಮನೆ. ಮನೆಯಲ್ಲಿ ಅಪ್ಪ ಇನ್ನಾಸಪ್ಪ, ಅಮ್ಮ ತೆರೇಸಮ್ಮ, ಅಜ್ಜಿ, ತಾತ. ಎಲ್ಲರಿಗಿಂತ ಸಣ್ಣವಳು ಲೂರ್ದಮ್ಮ. ಹೆಸರು ಉದ್ದ, ಅವಳು ಗಿಡ್ಡ. ಆದ್ದರಿಂದ ಎಲ್ಲರೂ ಅವಳನ್ನು ಲೂರ್ದು ಎಂದೇ ಕರೆಯುತ್ತಿದ್ದರು.

ಆ ಮನೆಯಲ್ಲಿ ಕ್ರಿಸ್ಮಸ್ಸಿನ ಮುನ್ನಾ ದಿನಕ್ಕೆ ಒಂದು ಪದ್ಧತಿ ಇತ್ತು. ಅದರ ಹೆಸರು ತಿರುಗುಮುರುಗು. ಅಂದು ದೊಡ್ಡವರು ಸಣ್ಣವರಾಗಬೇಕು. ಸಣ್ಣವರು ದೊಡ್ಡವರಾಗಬೇಕು. ಕ್ರಿಸ್ಮಸ್ಸಿಗೆ ಬರುವ ಯೇಸು ಒಂದು ಮಗು, ಮನೆಯನ್ನು ಮಗುವಿನ ಕೈಗೆ ಕೊಡಲು ಸ್ವಲ್ಪ ಅಭ್ಯಾಸ ಬೇಡವೇ ಎಂದು ತಾತ ಕೇಳುತ್ತಿದ್ದ. ಅಂದು ಸಣ್ಣವರಾದ ದೊಡ್ಡವರು ಹಟ ಮಾಡಬಹುದು. ದೊಡ್ಡವರಾದ ಸಣ್ಣವರು ಗದರಬಾರದು, ಅಳಬಾರದು, ಬರೀ ರಮಿಸಬೇಕು. ಸಂಜೆ ಚರ್ಚಿನ ಗಂಟೆ ಹೊಡೆಯುವವರೆಗೆ ಹೀಗೆ. ಗಂಟೆ ಹೊಡೆದ ಮೇಲೆ ಎಲ್ಲರೂ ಮೊದಲಿನಂತೆ.

ಜಗಲಿಯಲ್ಲಿ ಗೋದಲಿ ಸಿದ್ಧವಾಗಿತ್ತು. ಗೋದಲಿ ಎಂದರೆ ಬಾಲಯೇಸು ಮಲಗುವ ಪುಟ್ಟ ಕೊಟ್ಟಿಗೆ. ಅಲ್ಲಿ ಮಣ್ಣಿನ ಕುರಿ ಇತ್ತು. ಮಣ್ಣಿನ ಒಂಟೆ ಇತ್ತು. ಹುಲ್ಲಿನ ಹಾಸಿಗೆ ಇತ್ತು. ಬಾಲಯೇಸು ಮಾತ್ರ ಇರಲಿಲ್ಲ. ಅವನು ಬರುವುದು ಗಂಟೆ ಹೊಡೆದಾಗ. ಅದಕ್ಕೆ ಮೊದಲು ಗೋದಲಿಯ ಮೇಲೆ ನಕ್ಷತ್ರ ಕಟ್ಟಬೇಕು. ಈ ವರ್ಷ ಕಟ್ಟುವ ಸರದಿ ಲೂರ್ದುವಿನದು.

ಬಿದಿರು ಕಡ್ಡಿಯ ನಕ್ಷತ್ರ. ಕೆಂಪು ಕಾಗದದ ನಕ್ಷತ್ರ. ಅದಕ್ಕೆ ಒಂದು ಮೊಳ ಉದ್ದದ ಬೆಳ್ಳಿ ಕಾಗದದ ಬಾಲ.

ಈ ಬಾಲದ ಬಗ್ಗೆ ಲೂರ್ದುವಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಯೋಚಿಸಿ ಕಂಡುಕೊಂಡದ್ದು. ಯೇಸು ಆಕಾಶದಿಂದ ಇಳಿಯುವುದು ನಕ್ಷತ್ರದ ಬಾಲ ಹಿಡಿದುಕೊಂಡು. ಬಾಲ ಹಿಡಿದು ಬರುವುದರಿಂದಲೇ ಅವನು ಬಾಲಯೇಸು.

ಲೂರ್ದು ಬಾಲವನ್ನು ಅಂಗಳದಲ್ಲಿ ಇಟ್ಟಳು. ದಾರ ತರಲು ಒಳಗೆ ಹೋದಳು. ಹೊರಗೆ ಬಂದಳು. ಬಾಲ ಇಲ್ಲ.

ಜುಟ್ಟಿನ ಕೋಳಿ ಬಾಲವನ್ನು ಎಳೆದುಕೊಂಡು ಹೋಗಿ ತನ್ನ ಬುಟ್ಟಿಯಲ್ಲಿ ಹಾಸಿತ್ತು. ಹಾಸಿದ ಮೇಲೆ ಕೂತಿತ್ತು.

ಏಳು ಎಂದಳು ಲೂರ್ದು. ಕೋಳಿ ಏಳಲಿಲ್ಲ. ಕೂತವರು ತಾವಾಗಿ ಏಳುವುದಿಲ್ಲ, ಎತ್ತುವವರು ಬಂದು ಎತ್ತಲಿ ಎಂದಿತು. ಲೂರ್ದು ಕೈ ನೀಡಿದಳು. ಕೋಳಿ ಕುಕ್ಕಿತು. ಲೂರ್ದುವಿನ ಕೈ ಗಿಡ್ಡ, ಕೋಳಿಯ ಕೊಕ್ಕು ಉದ್ದ.

ಲೂರ್ದು ಅಪ್ಪನ ಬಳಿಗೆ ಓಡಿದಳು.

ಅಪ್ಪ ಮಂಚದ ಕೆಳಗೆ ಇದ್ದ. ಮುನಿಸಿಕೊಂಡಿದ್ದ. ಕಾಲು ಮಾತ್ರ ಹೊರಗೆ ಉಳಿದಿತ್ತು. ಲೂರ್ದು ಆ ಕಾಲಿಗೆ ಹೇಳಿದಳು:

"ಇನ್ನಾಸಿ ಕಂದಾ,
ಕೋಳಿ ಏಳದೆ ಬಾಲ ಸಿಗದು.
ಬಾಲ ಸಿಗದೆ ಬಾಲಯೇಸು ಬಾರನು.
ಬಂದು ಕೋಳಿ ಎತ್ತು, ನನ್ನ ಚಿನ್ನ."

ಎತ್ತುವುದಿಲ್ಲ ಎಂದಿತು ಕಾಲು. ಕಜ್ಜಾಯ ಬೇಕು ಎಂದಿತು. ಬಿಸಿ ಕಜ್ಜಾಯ ಬೇಕು. ಐದು ಬೇಕು.

ಲೂರ್ದು ಅಮ್ಮನ ಬಳಿಗೆ ಓಡಿದಳು.

ಅಮ್ಮ ಹಿತ್ತಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಕಜ್ಜಾಯದ ಹಿಟ್ಟು ಒಲೆಯ ಪಕ್ಕದಲ್ಲಿ ಸಿದ್ಧವಾಗಿತ್ತು. ಬಾಣಲೆಯೂ ಸಿದ್ಧವಾಗಿತ್ತು. ಅಮ್ಮ ಮಾತ್ರ ಒಂಟಿ ಕಾಲಲ್ಲಿದ್ದಳು. ಲೂರ್ದು ಹೇಳಿದಳು:

"ತೆರೇಸಿ ಮಗಳೇ,
ಅಪ್ಪ ಎತ್ತದೆ ಕೋಳಿ ಏಳದು.
ಕೋಳಿ ಏಳದೆ ಬಾಲ ಸಿಗದು.
ಬಾಲ ಸಿಗದೆ ಬಾಲಯೇಸು ಬಾರನು.
ಬಂದು ಕಜ್ಜಾಯ ಕರಿ, ನನ್ನ ಬಂಗಾರ."

ಕರಿಯುವುದಿಲ್ಲ ಎಂದಳು ಅಮ್ಮ. ನನಗೆ ಎರಡು ಜಡೆ ಬೇಕು. ಅಜ್ಜಿಯೇ ಹೆಣೆಯಬೇಕು. ಮದುವೆಯಾಗಿ ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಅತ್ತೆ ಒಂದು ದಿನವೂ ನನ್ನ ತಲೆ ಬಾಚಲಿಲ್ಲ. ಹೀಗೆಂದು ಅಮ್ಮ ನೆಲದಲ್ಲಿ ಗೀಚಿದ ಇನ್ನೊಂದು ಮನೆಗೆ ಕುಂಟಿದಳು.

ಲೂರ್ದು ಅಜ್ಜಿಯ ಬಳಿಗೆ ಓಡಿದಳು.

ಅಜ್ಜಿ ಹುಣಸೆಮರದ ಉಯ್ಯಾಲೆಯಲ್ಲಿ ಕೂತಿದ್ದಳು. ಹಗ್ಗ ಬಿಗಿಯಾಗಿ ಹಿಡಿದಿದ್ದಳು. ಉಯ್ಯಾಲೆ ಅಲ್ಲಾಡುತ್ತಿರಲಿಲ್ಲ. ಲೂರ್ದು ಹೇಳಿದಳು:

"ಪುಟ್ಟೀ,
ಅಮ್ಮ ಕರಿಯದೆ ಅಪ್ಪ ಎತ್ತನು.
ಅಪ್ಪ ಎತ್ತದೆ ಕೋಳಿ ಏಳದು.
ಕೋಳಿ ಏಳದೆ ಬಾಲ ಸಿಗದು.
ಬಾಲ ಸಿಗದೆ ಬಾಲಯೇಸು ಬಾರನು.
ಬಂದು ಜಡೆ ಹೆಣೆ, ನನ್ನ ಮುದ್ದು."

ಹೆಣೆಯುವುದಿಲ್ಲ ಎಂದಳು ಅಜ್ಜಿ. ಬೆಳಗಿನಿಂದ ಕೂತಿದ್ದೇನೆ, ತಾತ ಬಂದು ತೂಗಬೇಕು. ಇಪ್ಪತ್ತು ಸಲ ತೂಗಬೇಕು. ಹತ್ತೊಂಬತ್ತಾದರೆ ಇಳಿಯುವುದಿಲ್ಲ.

ಲೂರ್ದು ತಾತನ ಬಳಿಗೆ ಓಡಿದಳು.

ತಾತ ಬೀದಿಯ ಮಣ್ಣಿನಲ್ಲಿ ಗೋಲಿ ಆಡುತ್ತಿದ್ದ. ತನ್ನ ಜೊತೆ ತಾನೇ ಆಡುತ್ತಿದ್ದ. ಸೋಲುತ್ತಲೂ ಇದ್ದ. ಲೂರ್ದು ಹೇಳಿದಳು:

"ಮಗೂ,
ಅಜ್ಜಿ ಹೆಣೆಯದೆ ಅಮ್ಮ ಕರಿಯಳು.
ಅಮ್ಮ ಕರಿಯದೆ ಅಪ್ಪ ಎತ್ತನು.
ಅಪ್ಪ ಎತ್ತದೆ ಕೋಳಿ ಏಳದು.
ಕೋಳಿ ಏಳದೆ ಬಾಲ ಸಿಗದು.
ಬಾಲ ಸಿಗದೆ ಬಾಲಯೇಸು ಬಾರನು.
ಬಂದು ಉಯ್ಯಾಲೆ ತೂಗು, ನನ್ನ ಜಾಣ."

ತೂಗುವುದಿಲ್ಲ ಎಂದ ತಾತ. ನಡೆದು ಬರುವುದಿಲ್ಲ ಎಂದ. ಎಮ್ಮೆ ಸವಾರಿ ಬೇಕು. ಎಮ್ಮೆ ಬಂದರೆ ತಾತ ಬರುವನು. ಎಮ್ಮೆ ಬಾರದಿದ್ದರೆ ತಾತನೂ ಬಾರನು.

ಲೂರ್ದು ಕೆರೆಗೆ ಓಡಿದಳು.

ಎಮ್ಮೆ ಕೆರೆಯಲ್ಲಿ ಮಲಗಿತ್ತು. ಕೊಂಬು ಮತ್ತು ಮೂಗು ಮಾತ್ರ ನೀರಿನ ಮೇಲೆ ಇದ್ದವು. ಕೊಂಬಿನ ಮೇಲೆ ಒಂದು ಕಾಗೆ ಇತ್ತು. ಲೂರ್ದು ಹೇಳಿದಳು:

"ಎಮ್ಮೆ, ಎಮ್ಮೆ,
ತಾತ ತೂಗದೆ ಅಜ್ಜಿ ಹೆಣೆಯಳು.
ಅಜ್ಜಿ ಹೆಣೆಯದೆ ಅಮ್ಮ ಕರಿಯಳು.
ಅಮ್ಮ ಕರಿಯದೆ ಅಪ್ಪ ಎತ್ತನು.
ಅಪ್ಪ ಎತ್ತದೆ ಕೋಳಿ ಏಳದು.
ಕೋಳಿ ಏಳದೆ ಬಾಲ ಸಿಗದು.
ಬಾಲ ಸಿಗದೆ ಬಾಲಯೇಸು ಬಾರನು.
ನೀರಿನಿಂದ ಎದ್ದು ಬಾ."

ಎಮ್ಮೆ ಯಾರ ಮಗುವೂ ಅಲ್ಲ, ಯಾರ ತಾಯಿಯೂ ಅಲ್ಲ. ತಿರುಗುಮುರುಗು ಅದಕ್ಕೆ ಸಂಬಂಧಿಸಿದ್ದಲ್ಲ. ಆದರೆ ಇಂದು ಎಲ್ಲರೂ ಒಲ್ಲೆ ಎನ್ನುವ ದಿನ ಎಂದು ಅದಕ್ಕೆ ತಿಳಿಯಿತು. ಅದೂ ಒಲ್ಲೆ ಎಂದಿತು. ಕಳೆದ ವರ್ಷ ಚರ್ಚಿನ ಕಿಟಕಿಯ ಹೊರಗೆ ನಿಂತು ಒಂದು ಹಾಡು ಕೇಳಿದ್ದೆ. ಅದರಲ್ಲಿ ಹುಲ್ಲಿನ ವಿಷಯ ಬರುತ್ತದೆ. ಉಪದೇಶಿ ಬಂದು ಅದನ್ನು ಹಾಡಲಿ. ಕೇಳದೆ ನಾನು ಏಳುವುದಿಲ್ಲ.

ಉಪದೇಶಿ ಎಂದರೆ ಚರ್ಚಿನಲ್ಲಿ ಮಕ್ಕಳಿಗೆ ಜಪ ಕಲಿಸುವವರು. ಎಲ್ಲರ ತಪ್ಪನ್ನೂ ತಿದ್ದುವವರು. ಹೆಸರು ಚೌರಪ್ಪ. ಲೂರ್ದು ಅವರ ಬಳಿಗೆ ಓಡಿದಳು. ಸೂರ್ಯ ಆಗಲೇ ಕೆರೆಯ ಏರಿಗೆ ಇಳಿದಿದ್ದ.

"ಉಪದೇಶಿ ತಾತಾ,
ಎಮ್ಮೆ ಏಳದೆ ತಾತ ತೂಗನು.
ತಾತ ತೂಗದೆ ಅಜ್ಜಿ ಹೆಣೆಯಳು.
ಅಜ್ಜಿ ಹೆಣೆಯದೆ ಅಮ್ಮ ಕರಿಯಳು.
ಅಮ್ಮ ಕರಿಯದೆ ಅಪ್ಪ ಎತ್ತನು.
ಅಪ್ಪ ಎತ್ತದೆ ಕೋಳಿ ಏಳದು.
ಕೋಳಿ ಏಳದೆ ಬಾಲ ಸಿಗದು.
ಬಾಲ ಸಿಗದೆ ಬಾಲಯೇಸು ಬಾರನು.
ಬಂದು ಒಂದು ಹಾಡು ಹಾಡಿ."

ಉಪದೇಶಿ ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಒಂದು ವಾರ ಹಾಡು ಕಲಿಸಿ ಕಲಿಸಿ ಅವರ ಗಂಟಲು ಕಟ್ಟಿತ್ತು. ಅವರು ಕೈಸನ್ನೆ ಮಾಡಿ ತೋರಿಸಿದರು. ದುಂಡಗೆ ತೋರಿಸಿದರು. ಒಡೆಯುವಂತೆ ತೋರಿಸಿದರು. ಕುಡಿಯುವಂತೆ ತೋರಿಸಿದರು. ಹಸಿ ಮೊಟ್ಟೆ ಬೇಕು. ಆಗಷ್ಟೇ ಇಟ್ಟ ಬೆಚ್ಚನೆಯ ಮೊಟ್ಟೆಯೇ ಬೇಕು.

ಮೊಟ್ಟೆ ಕೊಡುವವರು ಯಾರು?

ಲೂರ್ದು ಬುಟ್ಟಿಯ ಬಳಿಗೆ ನಡೆದಳು. ಈ ಸಲ ಓಡಲಿಲ್ಲ. ಅವಳಿಗೆ ಅಳಬೇಕು ಎನಿಸಿತು. ಆದರೆ ಇಂದು ಅವಳು ದೊಡ್ಡವಳು. ದೊಡ್ಡವರು ಅಳಬಾರದು. ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೆಲ್ಲಗೆ ಹೇಳಿದಳು:

"ಕೋಳಿ, ಕೋಳಿ,
ಮೊಟ್ಟೆ ಕುಡಿಯದೆ ಉಪದೇಶಿ ಹಾಡರು.
ಉಪದೇಶಿ ಹಾಡದೆ ಎಮ್ಮೆ ಏಳದು.
ಎಮ್ಮೆ ಏಳದೆ ತಾತ ತೂಗನು.
ತಾತ ತೂಗದೆ ಅಜ್ಜಿ ಹೆಣೆಯಳು.
ಅಜ್ಜಿ ಹೆಣೆಯದೆ ಅಮ್ಮ ಕರಿಯಳು.
ಅಮ್ಮ ಕರಿಯದೆ ಅಪ್ಪ ಎತ್ತನು.
ಅಪ್ಪ ಎತ್ತದೆ ನೀನು ಏಳೆ.
ನೀನು ಏಳದೆ ಬಾಲ ಸಿಗದು.
ಬಾಲ ಸಿಗದೆ ಬಾಲಯೇಸು ಬಾರನು.
ಏಳಬೇಡ. ಒಂದು ಮೊಟ್ಟೆ ಕೊಡು."

ಕೋಳಿ ಕತ್ತು ವಾರೆ ಮಾಡಿ ನೋಡಿತು.

"ಇದನ್ನು ಮೊದಲೇ ಕೇಳಬಾರದಿತ್ತೇ?" ಎಂದಿತು. "ಏಳುವುದು ನನ್ನ ಕೆಲಸವಲ್ಲ. ಇಡುವುದು ನನ್ನ ಕೆಲಸ."

ಕೋಳಿ ಕಣ್ಣು ಮುಚ್ಚಿತು. ಕಣ್ಣು ತೆರೆಯಿತು. ಕೂತಲ್ಲಿಂದಲೇ ಒಂದು ಮೊಟ್ಟೆಯನ್ನು ಹೊರಕ್ಕೆ ಉರುಳಿಸಿತು. ಮತ್ತೆ ಸರಿಯಾಗಿ ಕೂತಿತು.

ಲೂರ್ದು ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೋದಳು.

ಉಪದೇಶಿ ಮೊಟ್ಟೆ ಒಡೆದರು. ಗುಟುಕ್ಕನೆ ಕುಡಿದರು. ಕೆರೆಯ ದಡದಲ್ಲಿ ನಿಂತು ಹಾಡಿದರು:

"ಹಾಸಿದೆ ಹುಲ್ಲು, ಹೊದಿಸಿದೆ ಹುಲ್ಲು,
ಹುಲ್ಲಿನ ಮನೆಗೆ ಬಾ ಮಗುವೇ."

ಮೊದಲ ಹುಲ್ಲಿಗೆ ಎಮ್ಮೆಯ ಕಿವಿ ಎದ್ದಿತು. ಎರಡನೆಯ ಹುಲ್ಲಿಗೆ ಬೆನ್ನು ಎದ್ದಿತು. ಮೂರನೆಯ ಹುಲ್ಲಿಗೆ ಇಡೀ ಎಮ್ಮೆ ಎದ್ದಿತು. ಕಾಗೆ ಹಾರಿತು. ಕೆರೆ ಒಂದು ಗೇಣು ಇಳಿಯಿತು.

ಎಮ್ಮೆ ತಾತನ ಬಳಿಗೆ ನಡೆಯಿತು. ತಾತ ಹತ್ತಿದ. ಹುಣಸೆಮರಕ್ಕೆ ಬಂದ. ಎಮ್ಮೆಯಿಂದ ಇಳಿಯಲು ಮಾತ್ರ ಒಪ್ಪಲಿಲ್ಲ. ಎಮ್ಮೆಯ ಬೆನ್ನ ಮೇಲಿನಿಂದಲೇ ಅಜ್ಜಿಯನ್ನು ತೂಗಿದ. ಒಂದು, ಎರಡು, ಮೂರು ಎಂದು ಅಜ್ಜಿ ಎಣಿಸಿದಳು. ತಾತ ಮೋಸ ಮಾಡದಂತೆ ಜೋರಾಗಿ ಎಣಿಸಿದಳು.

ಇಪ್ಪತ್ತಾಯಿತು. ಆದರೂ ಅಜ್ಜಿಗೆ ಉಯ್ಯಾಲೆಯ ಆಸೆ ಬಿಡಲಿಲ್ಲ. ಅಮ್ಮನೇ ಬಂದು ಮುಂದೆ ನಿಂತಳು. ಉಯ್ಯಾಲೆ ಮುಂದೆ ಬಂದಾಗ ಅಜ್ಜಿ ಒಂದು ಹೆಣಿಗೆ ಹಾಕಿದಳು. ಹಿಂದೆ ಹೋಗಿ ಮತ್ತೆ ಬಂದಾಗ ಇನ್ನೊಂದು ಹಾಕಿದಳು. ಹೀಗೆ ಎರಡು ಜಡೆಯಾಯಿತು. ಒಂದು ಪೂರ್ವಕ್ಕೆ ನಿಂತಿತ್ತು, ಇನ್ನೊಂದು ಪಶ್ಚಿಮಕ್ಕೆ. ಅಮ್ಮ ಎರಡನ್ನೂ ಮುಟ್ಟಿ ನೋಡಿದಳು. ಇನ್ನು ಬಿಚ್ಚುವುದೇ ಇಲ್ಲ ಎಂದಳು.

ಅಮ್ಮ ಕಜ್ಜಾಯ ಕರಿದಳು. ವಾಸನೆ ಮಂಚದ ಕೆಳಗೆ ಹೋಯಿತು. ಕಾಲು ಅಲ್ಲಾಡಿತು. ಕಾಲಿನ ಹಿಂದೆ ಹೊಟ್ಟೆ ಬಂತು. ಹೊಟ್ಟೆಯ ಹಿಂದೆ ಮೀಸೆ ಬಂತು. ಅಪ್ಪ ಐದು ಕಜ್ಜಾಯ ತಿಂದ. ಕೈಯನ್ನು ಮಕ್ಕಳಂತೆ ಅಂಗಿಗೆ ಒರೆಸಿದ. ಬುಟ್ಟಿಯ ಬಳಿಗೆ ಬಂದ. ಕೋಳಿಯನ್ನು ಎರಡೂ ಕೈಯಿಂದ ಎತ್ತಿದ. ಕೋಳಿ ಕುಕ್ಕಲಿಲ್ಲ. ಎತ್ತುವವರು ಎತ್ತಿದರೆ ಅದಕ್ಕೆ ಬೇಸರವಿರಲಿಲ್ಲ.

ಬುಟ್ಟಿಯಲ್ಲಿ ಬಾಲವಿತ್ತು. ಹರಿದಿರಲಿಲ್ಲ, ಮುದುರಿರಲಿಲ್ಲ. ಇಸ್ತ್ರಿ ಮಾಡಿದಂತೆ ಚಪ್ಪಟೆಯಾಗಿತ್ತು. ಬೆಚ್ಚಗೂ ಇತ್ತು.

ಮೊಟ್ಟೆ ಕುಡಿದು ಉಪದೇಶಿ ಹಾಡಿದರು.
ಹಾಡು ಕೇಳಿ ಎಮ್ಮೆ ಎದ್ದಿತು.
ಎಮ್ಮೆ ಏರಿ ತಾತ ತೂಗಿದ.
ತೂಗಿಸಿಕೊಂಡು ಅಜ್ಜಿ ಹೆಣೆದಳು.
ಹೆಣೆಸಿಕೊಂಡು ಅಮ್ಮ ಕರಿದಳು.
ಕರಿದದ್ದು ತಿಂದು ಅಪ್ಪ ಎತ್ತಿದ.
ಎತ್ತಿಸಿಕೊಂಡು ಕೋಳಿ ಎದ್ದಿತು.
ಕೋಳಿ ಎದ್ದು ಬಾಲ ಸಿಕ್ಕಿತು.

ಲೂರ್ದು ಬಾಲವನ್ನು ಅಂಟಿಸಿದಳು. ಅಪ್ಪನ ಹೆಗಲು ಹತ್ತಿದಳು. ನಕ್ಷತ್ರ ಕಟ್ಟಿದಳು. ಗಂಟು ಬಿಗಿದಳು. ಇನ್ನೊಂದು ಗಂಟು ಬಿಗಿದಳು. ಆಗ ಚರ್ಚಿನ ಗಂಟೆ ಹೊಡೆಯಿತು.

ತಿರುಗುಮುರುಗು ಮುಗಿಯಿತು. ಅಪ್ಪ ಅಪ್ಪನಾದ. ಅಮ್ಮ ಅಮ್ಮನಾದಳು. ಅಜ್ಜಿ ಅಜ್ಜಿಯಾದಳು. ತಾತ ಎಮ್ಮೆಯ ಮೇಲಿನಿಂದ ಇಳಿದು ತಾತನಾದ. ಇಳಿಸಲು ಇಬ್ಬರು ಬೇಕಾಯಿತು. ಅಮ್ಮ ಒಳಗಿನಿಂದ ಬಿಳಿ ಬಟ್ಟೆಯ ಒಂದು ಗಂಟು ತಂದಳು. ಮೆಲ್ಲಗೆ ಬಿಚ್ಚಿದಳು. ಹುಲ್ಲಿನ ಮೇಲೆ ಬಾಲಯೇಸು ಮಲಗಿದ. ಬೆಳ್ಳಿ ಬಾಲದ ತುದಿ ಸರಿಯಾಗಿ ಅವನ ಕೈಯ ಮೇಲೆ ಬಂತು.

ಲೂರ್ದು ಎಲ್ಲರಿಗೂ ತೋರಿಸಿದಳು.

"ನೋಡಿ, ಇನ್ನೂ ಹಿಡಿದುಕೊಂಡೇ ಇದ್ದಾನೆ. ಅದಕ್ಕೇ ಅವನು ಬಾಲಯೇಸು."

ಉಪದೇಶಿ ಚೌರಪ್ಪನವರು ತಿದ್ದಲು ಬಾಯಿ ತೆರೆದರು. ಬಾಲ ಎಂದರೆ ಇಲ್ಲಿ ಮಗು ಎಂದರ್ಥ ಎಂದು ಹೇಳಬೇಕೆಂದಿದ್ದರು. ಎಮ್ಮೆ ಅವರನ್ನು ನೋಡಿತು. ಕೋಳಿ ಅವರನ್ನು ನೋಡಿತು. ಅಪ್ಪ, ಅಮ್ಮ, ಅಜ್ಜಿ, ತಾತ, ಎಲ್ಲರೂ ಅವರನ್ನು ನೋಡಿದರು. ಉಪದೇಶಿ ಬಾಯಿ ಮುಚ್ಚಿದರು. ಬಗ್ಗಿ, ಬಾಲದ ತುದಿಯನ್ನು ಬಾಲಯೇಸುವಿನ ಬೆರಳಿನ ಒಳಗೆ ಇನ್ನಷ್ಟು ಚೆನ್ನಾಗಿ ಸಿಕ್ಕಿಸಿದರು.

ನಕ್ಷತ್ರ ಮೇಲೇರಿತು. ಮಗು ಕೆಳಗಿಳಿಯಿತು. ನನ್ನ ಕಥೆ ನಿಮ್ಮ ಕೈಗೆ ಬಂತು, ಬಿಡದೆ ಹಿಡಿದುಕೊಳ್ಳಿ.