ಎದುರು ತಂಡದ ವಕೀಲ

"ಗುರುಗಳೇ, ನಿನ್ನೆ ಸಭೆಯಲ್ಲಿ ವಾದ ಗೆದ್ದೆ. ಎಲ್ಲರೂ ಹೊಗಳಿದರು. ಆದರೂ ಮನಸ್ಸಿಗೆ ಸಂತೋಷವಾಗಲಿಲ್ಲ. ಏಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕು, ಕೂತುಕೋ ಎಂದು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವಕೀಲನಿದ್ದ. ಕ್ರಿಕೆಟ್ ಎಂಬ ಆಟದ ಹೆಸರನ್ನೇ ಆ ಸೀಮೆಯವರು ಸರಿಯಾಗಿ ಕೇಳಿರದ ಕಾಲ ಅದು. ಮದರಾಸಿನಲ್ಲಿ ಕಾನೂನು ಓದುವಾಗ ಅವನಿಗೆ ಆ ಆಟದ ಹುಚ್ಚು ಹಿಡಿಯಿತು. ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿ ವಕೀಲಿ ಸನ್ನದಿನ ಜೊತೆಗೆ ಎರಡು ಬ್ಯಾಟು, ನಾಲ್ಕು ಚೆಂಡು, ಆಟದ ನಿಯಮಗಳ ಒಂದು ತೆಳು ಪುಸ್ತಕ ತಂದ. ಅವನ ಗುಮಾಸ್ತ, ಅಂಚೆ ಕಚೇರಿಯವರು, ಒಬ್ಬಿಬ್ಬರು ವ್ಯಾಪಾರಿಗಳು ಸೇರಿ ತಂಡವಾಯಿತು. ಅವನೇ ಕಪ್ತಾನನಾದ. ಅವನ ಆಟ ಅಷ್ಟಕ್ಕಷ್ಟೇ. ಜನ್ಮದಲ್ಲಿ ಹದಿನೇಳು ರನ್ನಿಗಿಂತ ಹೆಚ್ಚು ಹೊಡೆದವನಲ್ಲ. ಆದರೆ ಪುಸ್ತಕ ಅವನ ಜೇಬಿನಲ್ಲಿತ್ತು. ಅದರಲ್ಲಿದ್ದುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ಕೋರ್ಟಿನಲ್ಲಿ ಎದುರು ಪಕ್ಷದ ಅರ್ಜಿಯಲ್ಲಿ ಒಂದು ತಾರೀಖು ತಪ್ಪಿದ್ದರೂ ಅವನು ಬಿಡುತ್ತಿರಲಿಲ್ಲ. ಮೈದಾನದಲ್ಲೂ ಹಾಗೆಯೇ. ಇವರನ್ನು ನೋಡಿ ಸುತ್ತಲ ಊರುಗಳಲ್ಲೂ ತಂಡಗಳು ಹುಟ್ಟಿದ್ದವು. ಒಮ್ಮೆ ಪಕ್ಕದ ತಾಲ್ಲೂಕಿನ ತಂಡ ಆಡಲು ಬಂದಿತ್ತು. ಅವರಲ್ಲೊಬ್ಬ ಬ್ಯಾಟು ಹಿಡಿದು ಆಡುವಾಗ, ತನ್ನ ಕಾಲ ಬಳಿ ಬಂದು ನಿಂತ ಚೆಂಡನ್ನು ಮರ್ಯಾದೆಗೆಂದು ಕೈಯಿಂದ ಎತ್ತಿ ಬೌಲರನಿಗೆ ಕೊಟ್ಟ. ಕಪ್ತಾನ ಪುಸ್ತಕ ತೆರೆದ. ಎದುರು ತಂಡವನ್ನು ಕೇಳದೆ ಚೆಂಡು ಮುಟ್ಟಿದವನು ಔಟ್ ಎಂದು ಅದರಲ್ಲಿತ್ತು. ಆ ತಂಡದವರು ಸೋತರು. ಅವರಿಗೆಂದು ಮಾಡಿಸಿದ್ದ ಊಟವನ್ನೂ ಮುಟ್ಟದೆ ಗಾಡಿ ಹತ್ತಿದರು. ಇನ್ನೊಂದು ಊರಿನವರಿಗೂ ಇಂಥದೇ ಗತಿಯಾಯಿತು.

ಮೂರು ವರ್ಷ ವಕೀಲನ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಮೂರನೆಯ ವರ್ಷದ ಕೊನೆಗೆ ಆಡಲು ಬರುವವರೇ ಇಲ್ಲವಾದರು. ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡಿ ನೋಡಿದರು. ಸ್ವಂತ ಗುಮಾಸ್ತನನ್ನು ಔಟ್ ಮಾಡುವುದರಲ್ಲಿ ವಕೀಲನಿಗೆ ರುಚಿ ಹತ್ತಲಿಲ್ಲ.

ಆಗ ಹೊಳೆಯಾಚೆಯ ನೇಕಾರರ ಊರಿನಿಂದ ಒಂದು ಪತ್ರ ಬಂತು. ತಾವೂ ಆಟ ಕಲಿತಿದ್ದೇವೆ, ಒಪ್ಪಿದರೆ ಬರುತ್ತೇವೆ ಎಂದು ಬರೆದಿದ್ದರು. ವಕೀಲ ಹಿಗ್ಗಿಹೋದ. ಆ ದಿನಕ್ಕೆ ಹೋಳಿಗೆ ಮಾಡಬೇಕೆಂದು ಅಡುಗೆಯವರಿಗೆ ಅಂದೇ ಹೇಳಿಟ್ಟ.

ನೇಕಾರರು ಆಟವನ್ನು ನೋಡಿ ಕಲಿತವರು, ಓದಿ ಕಲಿತವರಲ್ಲ. ಆದರೂ ಸೊಗಸಾಗಿ ಆಡಿದರು. ಕೊನೆಯ ಜೋಡಿ ಉಳಿದಿದ್ದಾಗ ಗೆಲ್ಲಲು ಎರಡೇ ರನ್ ಬೇಕಿತ್ತು. ಬ್ಯಾಟು ಹಿಡಿದವನು ಬೀಸಿದ, ಚೆಂಡು ತಗಲಲಿಲ್ಲ. ವಿಕೆಟ್ಟಿನ ಹಿಂದೆ ನಿಂತಿದ್ದ ಗುಮಾಸ್ತ ಅದನ್ನು ಹಿಡಿದು, ಅಂಗಿಗೆ ಒರೆಸಿ, ಪಕ್ಕದವನೊಂದಿಗೆ ಏನೋ ಮಾತಾಡಿದ. ಇನ್ನೇನಿದೆ ಎಂದುಕೊಂಡು ನೇಕಾರ ಗೆರೆ ದಾಟಿ ಮುಂದೆ ಹೋಗಿ, ನೆಲದ ಮೇಲಿದ್ದ ಕಲ್ಲೊಂದನ್ನು ಹೆಕ್ಕಿ ಎಸೆದ. ಅದನ್ನು ಕಂಡದ್ದೇ ತಡ, ಗುಮಾಸ್ತ ವಿಕೆಟ್ ಉರುಳಿಸಿ ಔಟ್ ಎಂದು ಕೂಗಿದ. ತಂಡದವರು ಗೆದ್ದೆವೆಂದು ಕುಣಿಯತೊಡಗಿದರು.

ಅಂಪೈರಾಗಿದ್ದವರು ಶಾಲೆಯ ಮೇಷ್ಟ್ರು. ಅವರಿಗೆ ಏನೂ ತೋಚಲಿಲ್ಲ. ವಾಡಿಕೆಯಂತೆ ಕಪ್ತಾನನ ಜೇಬಿನ ಕಡೆ ನೋಡಿದರು.

ನೇಕಾರರಲ್ಲಿ ಹಿರಿಯನಾದವನು ಮುಂದೆ ಬಂದ. "ಸ್ವಾಮಿ, ನಮ್ಮಿಂದ ಏನು ತಪ್ಪಾಯಿತೋ ತಿಳಿಯಲಿಲ್ಲ. ನೀವು ತಿಳಿದವರು. ತಪ್ಪು ಎಂದರೆ ಒಪ್ಪಿಕೊಂಡು ಹೋಗುತ್ತೇವೆ" ಎಂದ.

ಈ ಮಾತನ್ನು ವಕೀಲ ಎಷ್ಟೋ ಸಲ ಕೇಳಿದ್ದ. ತಮ್ಮ ಪರವಾಗಿ ಮಾತಾಡುವವರಿಲ್ಲದೆ ಕಟಕಟೆಯಲ್ಲಿ ನಿಂತವರು ಹೀಗೆಯೇ ಹೇಳುತ್ತಿದ್ದರು. ಅಂಥ ದಿನ ಮೊಕದ್ದಮೆ ಗೆಲ್ಲುವುದು ಸುಲಭವಾಗಿತ್ತು. ಮನೆಗೆ ಹೋಗಿ ಊಟಕ್ಕೆ ಕೂರುವುದು ಅಷ್ಟು ಸುಲಭವಾಗಿರಲಿಲ್ಲ.

ಅವನು ನಡೆದುಹೋಗಿ ನೇಕಾರರ ಪಕ್ಕದಲ್ಲಿ ನಿಂತ. ಅಲ್ಲಿ ನಿಂತು ಪುಸ್ತಕ ತೆರೆದ. ಚೆಂಡು ವಿಕೆಟ್ ಕೀಪರನ ಕೈಯಲ್ಲಿ ನೆಲೆಯಾಗಿ ನಿಂತ ಮೇಲೆ ಆ ಎಸೆತ ಮುಗಿದಂತೆ, ಆಮೇಲೆ ಯಾರನ್ನೂ ಔಟ್ ಮಾಡುವಂತಿಲ್ಲ ಎಂಬ ನಿಯಮವನ್ನು ಓದಿದ. ಮೂರು ವರ್ಷದಲ್ಲಿ ಆ ಪುಟವನ್ನು ಅವನು ಒಮ್ಮೆಯೂ ಗಟ್ಟಿಯಾಗಿ ಓದಿರಲಿಲ್ಲ. ಬಳಿಕ ಗುಮಾಸ್ತನನ್ನೇ ಸಾಕ್ಷಿಯಾಗಿ ಕರೆದ. ಚೆಂಡು ಒರೆಸಿದ್ದು ನಿಜವೇ, ಮಾತಾಡಿದ್ದು ನಿಜವೇ, ಏನು ಮಾತಾಡಿದೆ ಎಂದು ಒಂದೊಂದಾಗಿ ಕೇಳಿದ. ಹೋಳಿಗೆಗೆ ತುಪ್ಪ ಸಾಕಾಗುತ್ತದೆಯೋ ಇಲ್ಲವೋ ಎಂದು ಮಾತಾಡಿದ್ದಾಗಿ ಗುಮಾಸ್ತ ಒಪ್ಪಿಕೊಂಡ. ಮೈದಾನಕ್ಕೆ ಮೈದಾನವೇ ನಕ್ಕಿತು. ಮೇಷ್ಟ್ರು ಔಟಿಲ್ಲ ಎಂದು ತೀರ್ಪು ಕೊಟ್ಟರು.

ಗುಮಾಸ್ತನ ಮುಖ ಕೆಂಪಾಯಿತು. "ಯಜಮಾನರೇ, ನೀವು ಯಾರ ಕಡೆ?"

"ನಿನ್ನ ಕಡೆಯೇ ಕಣಯ್ಯ. ಆದರೆ ಆ ಕಡೆಗೆ ವಕೀಲನಿರಲಿಲ್ಲ."

ಮುಂದಿನ ಚೆಂಡಿಗೆ ನೇಕಾರ ಎರಡು ರನ್ ಹೊಡೆದ. ವಕೀಲನ ತಂಡ ಮೊದಲ ಸಲ ಸೋತಿತು. ಸೋತರೆ ಎದೆ ಉರಿಯುತ್ತದೆ ಎಂದು ಅವನು ಎಣಿಸಿದ್ದ. ಉರಿಯಲಿಲ್ಲ, ಚೆನ್ನಾಗಿ ಹಸಿವಾಯಿತು. ನೇಕಾರರ ಸಾಲಿನಲ್ಲೇ ಎಲೆ ಹಾಕಿಸಿಕೊಂಡು ನಾಲ್ಕು ಹೋಳಿಗೆ ತಿಂದ. ಗುಮಾಸ್ತ ಮುನಿಸಿಕೊಂಡು ದೂರ ಕೂತಿದ್ದ. ಹಿರಿಯ ನೇಕಾರ ಅವನನ್ನು ಪಕ್ಕಕ್ಕೆ ಕರೆದು, ಒಂದು ಚೆಂಡನ್ನೂ ಬಿಡದೆ ಹಿಡಿದಿರಲ್ಲ, ಅದು ಹೇಗೆಂದು ನಮ್ಮವರಿಗೂ ಹೇಳಿಕೊಡಿ ಎಂದು ಕೇಳಿದ. ಗುಮಾಸ್ತ ಹೇಳಲು ಶುರುಮಾಡಿದವನು ಗಾಡಿ ಹೊರಡುವವರೆಗೂ ನಿಲ್ಲಿಸಲಿಲ್ಲ.

ಸುದ್ದಿ ಹರಡಿತು. ಆ ವರ್ಷ ಐದು ಊರುಗಳಿಂದ ತಂಡಗಳು ಬಂದವು. ಊಟ ಬಿಟ್ಟು ಹೋಗಿದ್ದವರೂ ಬಂದರು. ವಕೀಲ ಆಡಿದ್ದರಲ್ಲಿ ಅರ್ಧದಷ್ಟು ಸೋತ. ತಲೆ ನರೆಯುವವರೆಗೆ ಕಪ್ತಾನನಾಗಿ ಆಡಿದ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಖುಷಿಯಾಗಿತ್ತು. ಆ ವಕೀಲ ಅದೃಷ್ಟವಂತ, ಎದುರು ತಂಡಕ್ಕೆ ಬೇಕಾದ ಪುಟ ಯಾವುದೆಂದು ಅವನಿಗೆ ಗೊತ್ತಿತ್ತು ಎಂದ.

ಗುರುಗಳು ಕೇಳಿದರು: "ನಿನ್ನೆ ನಿನ್ನ ಎದುರಿಗಿದ್ದವನು ತಡವರಿಸಿದಾಗ, ಅವನು ಹುಡುಕುತ್ತಿದ್ದ ಮಾತು ನಿನಗೆ ಗೊತ್ತಿರಲಿಲ್ಲವೇ?"