ಮಣ್ಣಿನಲ್ಲೇ ಬಿಟ್ಟ ಗೆಡ್ಡೆ

ಒಂದು ಹೆಗ್ಗಣವೂ ಒಂದು ಮುಳ್ಳುಹಂದಿಯೂ ಒಂದೇ ದಿನ ಸುವರ್ಣಗೆಡ್ಡೆ ನೆಟ್ಟವು. ಆ ಕಾಡಿನಲ್ಲಿ ಗೆಡ್ಡೆ ಕಿತ್ತವರು ಅದು ಎಷ್ಟು ಬೆಳೆದಿದೆಯೋ ಅಷ್ಟರಲ್ಲಿ ರಾಜನಿಗೆ ಪಾಲು ಕೊಡಬೇಕಿತ್ತು. ಬೇಗ ಕಿತ್ತರೆ ದೊಡ್ಡ ಪಾಲು, ವರ್ಷ ದಾಟಿಸಿ ಕಿತ್ತರೆ ಸಣ್ಣ ಪಾಲು. ವಸೂಲಿಗೆ ಕರಡಿಯಿತ್ತು.

ಹೆಗ್ಗಣಕ್ಕೆ ನಿಂತಲ್ಲಿ ನಿಲ್ಲಲಾಗದ ಹುರುಪು. ಗೆಡ್ಡೆ ಕೊಂಚ ಊದಿದರೆ ಸಾಕು, "ಆಹಾ, ಬೆಳೆದೇಬಿಟ್ಟಿತು!" ಎಂದು ಕಿತ್ತು, ಕರಡಿಗೆ ಪಾಲು ಕೊಟ್ಟು, ಉಳಿದದ್ದನ್ನು ಇನ್ನೂ ಒಳ್ಳೆಯ ಮಣ್ಣು ಹುಡುಕಿ ನೆಡುತ್ತಿತ್ತು. ಪ್ರತಿ ಸಲವೂ ಲಾಭವೇ. ಪ್ರತಿ ಸಲವೂ ಕುಣಿತವೇ.

ಕೆಲವು ವರ್ಷಗಳ ಮೇಲೆ ಮುಳ್ಳುಹಂದಿ ಮೊದಲ ಬಾರಿ ನೆಲ ಅಗೆಯಿತು. ಗೆಡ್ಡೆಯನ್ನು ಮೇಲೆತ್ತಲು ಕರಡಿಯೂ ಕೈಜೋಡಿಸಬೇಕಾಯಿತು! ಸಣ್ಣ ಪಾಲು ಮುರಿದುಕೊಂಡು ಕರಡಿ ಹೊರಟುಹೋಯಿತು.

ಹೆಗ್ಗಣ ಓಡಿಬಂದು ಕೇಳಿತು: "ಅಕ್ಕಾ, ನಾನು ಒಮ್ಮೆಯೂ ನಷ್ಟ ಮಾಡಿಕೊಂಡವನಲ್ಲ. ನನ್ನದೇಕೆ ಇಷ್ಟು ಚಿಕ್ಕದು?"

"ನೀನು ಕೊಟ್ಟ ಪಾಲುಗಳೂ ಮಣ್ಣಿನಲ್ಲೇ ಇದ್ದಿದ್ದರೆ ಬೆಳೆಯುತ್ತಿದ್ದವು, ತಮ್ಮಾ. ನಾನು ನಡುವೆ ಕೀಳದೆ, ಅಂಥ ಪಾಲುಗಳನ್ನೂ ಬೆಳೆಯಲು ಬಿಟ್ಟೆ."

ಹೆಗ್ಗಣ ಕಿತ್ತಿಟ್ಟಿದ್ದ ತನ್ನ ಗೆಡ್ಡೆಯನ್ನು ಆಗಲೇ ನೆಟ್ಟಿತು. ಅಷ್ಟರಲ್ಲಿ ಕಾಗೆಯೊಂದು, "ಹೊಳೆಯಾಚೆ ಮಣ್ಣು ಬಲು ಚೆನ್ನಾಗಿದೆಯಂತೆ!" ಎಂದು ಕೂಗುತ್ತ ಹಾರಿತು. ಹೆಗ್ಗಣದ ಪಂಜಗಳು ತುರಿಸಿದವು. ಅವೆರಡನ್ನೂ ಹೊಟ್ಟೆಯಡಿ ಮಡಚಿಕೊಂಡು, ಅದು ನೆಟ್ಟ ಜಾಗದ ಮೇಲೆಯೇ ಕುಳಿತುಬಿಟ್ಟಿತು.